ಮೂವತ್ತೈದು ಹಿಡಿ ಹುರುಳಿ

ಬೆಳಿಗ್ಗೆ ರಾಯದುರ್ಗದಲ್ಲಿ ಹೊಲಿಗೆ ಕೆಲಸಕ್ಕೆ ಹೋಗುವಾಗ ಗುಜರಿ ಅಂಗಡಿಯ ಮುಂದೆ ಕಾಲು ತಾನಾಗಿ ನಿಂತುಬಿಟ್ಟಿತು. ಚಕ್ರಗಳಿಲ್ಲದ ಹಳೆಯ ಕೆಂಪು ಟ್ರಾಕ್ಟರ್ ಒಂದು ಅಲ್ಲಿ ಕೂತಿತ್ತು. ಬಾನೆಟ್ಟಿನ ಮೇಲೆ ಮಾಸಿದ ಅಂಕಿ: 35.

ಗುಮ್ಮಘಟ್ಟದ ನಮ್ಮ ಮನೆಗೆ ಅಂಥದೇ ಟ್ರಾಕ್ಟರ್ ಬಂದಾಗ, ಆ ಅಂಕಿ ಯಾಕೆಂದು ಅಜ್ಜಿ ಕೇಳಿದ್ದಳು.

"ಮೂವತ್ತೈದು ಕುದುರಿ ಕಸುವು ಐತವ್ವ ಇದಕ್ಕ. ಅದಕ್ಕ ಹೆಸರೂ ಅದನ್ನ ಇಟ್ಟಾರ," ಎಂದ ಅಪ್ಪ.

ಜಟಕಾ ಕುದುರೆಗಳು ನೆನೆಸಿದ ಹುರುಳಿ ತಿನ್ನುವುದನ್ನು ಕಂಡು ಬೆಳೆದವಳು ಅಜ್ಜಿ. "ದುಡಿಯೋ ಕುದುರಿಗೆ ಬರೀ ಎಣ್ಣಿ ಕುಡಿಸ್ತೀರೇನು?" ಎಂದು ಗದರಿದಳು. ಅಂದಿನಿಂದ ಪ್ರತಿ ಆಯುಧಪೂಜೆಗೂ ಟ್ರಾಕ್ಟರಿನ ಮುಂದೆ ಬಾಳೆ ಎಲೆ ಹಾಸಿ, ನೆನೆಸಿದ ಹುರುಳಿಯನ್ನು ಮೂವತ್ತೈದು ಹಿಡಿ ಇಡುತ್ತಿದ್ದಳು. ಎಣಿಸುವ ಕೆಲಸ ನನ್ನದು. ತಪ್ಪಿದರೆ ಮತ್ತೆ ಮೊದಲಿನಿಂದ. ಪೂಜೆ ಮುಗಿದ ಮೇಲೆ ಅದು ಕುರಿಗಳ ಪಾಲು.

ಟ್ರಾಕ್ಟರಿಗೂ ವಯಸ್ಸಾಯಿತು. ಏರು ಬಂದರೆ ಏದುಸಿರು ಬಿಡುತ್ತಿತ್ತು. ಒಂದು ವರ್ಷದ ಪೂಜೆಯಲ್ಲಿ ಅಪ್ಪ ನಕ್ಕ. "ಈಗ ಇಪ್ಪತ್ತು ಕುದುರಿ ಕಸುವೂ ಉಳಿದಿಲ್ಲವ್ವ. ಇಪ್ಪತ್ತು ಹಿಡಿ ಸಾಕು."

ಅಜ್ಜಿಯ ಕೈ ನಿಂತಿತು. "ನನಗೂ ಮೊದಲಿನ ಕಸುವಿಲ್ಲಪ್ಪ. ನನ್ನ ತಾಟಿನ್ಯಾಗ ಕಡಿಮಿ ಮಾಡ್ತೀಯೇನು?"

ಅಪ್ಪ ಉಳಿದ ಹಿಡಿಗಳನ್ನು ತಾನೇ ಕೂತು ಇಟ್ಟ.

"ಏನ್ ನೋಡ್ತೀರಕ್ಕ? ಅದರಾಗ ಏನೂ ಉಳಿದಿಲ್ರಿ," ಎಂದ ಗುಜರಿಯವನು.

"ಹಂಗನ್ನಬ್ಯಾಡಪ್ಪ," ಎಂದೆ.

ನನ್ನ ಊಟದ ಡಬ್ಬಿಯಲ್ಲಿ ಹುರುಳಿ ಗುಗ್ಗರಿ ಇತ್ತು. ಒಂದು ಹಿಡಿ ಆ ಅಂಕಿಯ ಪಕ್ಕ ಇಟ್ಟು ಕೆಲಸಕ್ಕೆ ನಡೆದೆ.