ಅಧ್ಯಕ್ಷೆಯ ಒಂದು ಸರಿ, ಒಂದು ತಪ್ಪು

ನಮ್ಮ ಭಜನಾ ಮಂಡಳಿಯಲ್ಲಿ ಎರಡು ವರ್ಷಕ್ಕೊಮ್ಮೆ ಅಧ್ಯಕ್ಷೆ ಬದಲಾಗುತ್ತಾಳೆ. ಮಂಡಳಿಯೆಂದರೆ ಬೋರ್ಡು, ಆಫೀಸು ಇರುವಂಥದ್ದಲ್ಲ. ಕೊಲ್ಲಿ ದೇಶದ ಈ ಫಹಾಹೀಲ್ ಪಟ್ಟಣದ ಸುತ್ತಮುತ್ತಲಿನ ಹದಿನೈದು-ಇಪ್ಪತ್ತು ಹೆಂಗಸರು, ಒಂದು ಹಾರ್ಮೋನಿಯಂ, ನಾಲ್ಕು ಜೋಡಿ ತಾಳ, ಅಷ್ಟೇ. ಶುಕ್ರವಾರ ಸಂಜೆ ಯಾರಾದರೊಬ್ಬರ ಮನೆಯಲ್ಲಿ ಸೇರುವುದು. ನಾನು ಅಧ್ಯಕ್ಷೆಯಾಗಿದ್ದ ಎರಡು ವರ್ಷ ಅದು ನಮ್ಮ ಮನೆಯಾಗಿತ್ತು.

ಕೆಳಗಿಳಿಯುವ ಅಧ್ಯಕ್ಷೆಗೆ ನಮ್ಮಲ್ಲಿ ಒಂದು ಪದ್ಧತಿ ಇದೆ. ಕೊನೆಯ ಶುಕ್ರವಾರ ಆಕೆಯನ್ನು ದೇವರ ಪಕ್ಕದಲ್ಲಿ ಎಲ್ಲರಿಗೂ ಎದುರಾಗಿ ಕೂರಿಸುತ್ತಾರೆ. ಒಬ್ಬೊಬ್ಬರೂ ಆಕೆ ಮಾಡಿದ ಒಂದು ಸರಿ, ಒಂದು ತಪ್ಪು ಹೇಳಬೇಕು. ಆಕೆ ಎದುರು ಮಾತಾಡುವ ಹಾಗಿಲ್ಲ. ಅದಕ್ಕೆಂದೇ ಬಾಯಿಗೆ ಒಂದು ದೊಡ್ಡ ತುಂಡು ಕಲ್ಲುಸಕ್ಕರೆ ಹಾಕುತ್ತಾರೆ. ಅದು ಕರಗುವವರೆಗೆ ಕೇಳುವುದಷ್ಟೇ ಕೆಲಸ. ಇದನ್ನು ಶುರು ಮಾಡಿದವರು ನಮ್ಮಲ್ಲಿ ಹಿರಿಯರಾದ ದೊಡ್ಡಕ್ಕ. "ಕಹಿ ಕೇಳುವಾಗ ಬಾಯಿಯಾದರೂ ಸಿಹಿ ಇರಲಿ" ಅನ್ನುತ್ತಾರೆ.

ನನ್ನ ಕೊನೆಯ ಶುಕ್ರವಾರದ ಹಿಂದಿನ ದಿನ ನಾನು ಅಡುಗೆಮನೆಯಲ್ಲಿ ಅವಲಕ್ಕಿ ಆರಿಸುತ್ತ ನನ್ನ ಸರಿ-ತಪ್ಪುಗಳನ್ನು ಮನಸ್ಸಿನಲ್ಲೇ ತೂಗುತ್ತಿದ್ದೆ. ಮಗಳು ಬಂದು, "ಅಮ್ಮಾ, ಯು ಆರ್ ನಾಟ್ ದ ಪ್ರೆಸಿಡೆಂಟ್ ಆಫ್ ಅಮೆರಿಕಾ, ರಿಲ್ಯಾಕ್ಸ್" ಅಂದಳು. ಅವಳ ಶಾಲೆಯಲ್ಲಿ ಅಂಥದ್ದೇ ಒಂದು ಪಾಠ ನಡೆಯುತ್ತಿತ್ತು, ಯಾವುದೋ ಅಧ್ಯಕ್ಷರು ಯಾವ ನಿರ್ಧಾರ ಚೆನ್ನಾಗಿ ಮಾಡಿದರು, ಯಾವುದು ಕೆಡಿಸಿದರು ಅಂತ. ನನಗೆ ನಗು ಬಂತು. ಆದರೂ ನನ್ನ ನಿರ್ಧಾರಗಳ ಬಗ್ಗೆ ಒಳಗೊಳಗೇ ಹೆಮ್ಮೆ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ.

ನಾನು ಅಧ್ಯಕ್ಷೆಯಾಗಿ ಬಂದಾಗ ಭಜನೆ ಸಂತೆಯ ಹಾಗಿತ್ತು. ಐದು ಗಂಟೆ ಅಂದರೆ ಐದೂಮುಕ್ಕಾಲು. ಕಾರಿಡಾರಿನ ತುಂಬ ಚಪ್ಪಲಿ. ಹಾಡಿನ ನಡುವೆ ಯಾರದ್ದೋ ಫೋನು. ಕಟ್ಟಡದ ಕಾವಲುಗಾರ ಎರಡು ಸಲ ಬಂದು, ಪಕ್ಕದ ಮನೆಯವರು ಬೇಸರ ಮಾಡಿಕೊಂಡಿದ್ದಾರೆ ಎಂದು ಹೇಳಿ ಹೋದ. ಪರದೇಶದಲ್ಲಿ ನಮ್ಮಷ್ಟಕ್ಕೆ ನಾವು ದೇವರ ಹೆಸರು ಹೇಳಿಕೊಳ್ಳಲು ಆಗುತ್ತಿದೆಯಲ್ಲ, ಅದೇ ದೊಡ್ಡ ಕೃಪೆ. ಅದನ್ನು ನಮ್ಮ ಗಲಾಟೆಯಿಂದ ಕಳಕೊಳ್ಳಬಾರದು. ಹಾಗಾಗಿ ಎರಡನೇ ವರ್ಷ, ಐದಕ್ಕೆ ಸರಿಯಾಗಿ ಬಾಗಿಲು ಹಾಕಿ ಕರೆಗಂಟೆ ಆರಿಸುವುದು, ಚಪ್ಪಲಿ ಒಳಗೆ ತಂದಿಡುವುದು, ಫೋನುಗಳ ಸದ್ದು ಅಡಗಿಸಿ ಒಂದು ಬುಟ್ಟಿಗೆ ಹಾಕುವುದು ಎಂದು ಕಟ್ಟುಮಾಡಿದೆ. ಹಾಡೂ ಒಳಗಿನ ಕೋಣೆಯಲ್ಲಿ, ಹೊರಗೆ ಕೇಳದಷ್ಟು ಮೆಲ್ಲಗೆ. ಕಾವಲುಗಾರ ಮತ್ತೆ ಬರಲಿಲ್ಲ. ನನಗೆ ಅಷ್ಟೇ ಸಾಕಾಗಿತ್ತು.

ಒಬ್ಬಾಕೆ ಮಾತ್ರ ಸುಮಾರು ಏಳೆಂಟು ತಿಂಗಳಿಂದ ಬರುತ್ತಿರಲಿಲ್ಲ. ತುಳು ಮಾತಾಡುವ ನಮ್ಮ ನಡುವೆ ಉತ್ತರ ಕರ್ನಾಟಕದವಳು. ಗಂಡ ದೂರದ ವಫ್ರಾ ಎಂಬ ಊರಿನ ಒಂದು ತೋಟದಲ್ಲಿ ನೀರಾವರಿ ಎಂಜಿನಿಯರ್. ಅವರ ಮನೆಯೂ ತೋಟದೊಳಗೇ. ಆ ಕಡೆಗೆ ಬಸ್ಸು ಅಪರೂಪ. ಶುಕ್ರವಾರ ತರಕಾರಿ ಹೇರಿಕೊಂಡು ಫಹಾಹೀಲಿನ ಮಾರ್ಕೆಟ್ಟಿಗೆ ಬರುವ ಪಿಕಪ್ಪಿನಲ್ಲಿ ಗಂಡ ಬಂದರೆ ಇವಳೂ ಜೊತೆಗೆ ಬಂದು ನಮ್ಮಲ್ಲಿ ಇಳಿಯುತ್ತಿದ್ದಳು. ಯಾವುದೋ ಒಂದು ಶುಕ್ರವಾರದಿಂದ ಬರುವುದನ್ನೇ ನಿಲ್ಲಿಸಿಬಿಟ್ಟಳು. ನಾನು ಒಮ್ಮೆ ಫೋನ್ ಮಾಡಿದೆ, ಆಫ್ ಆಗಿತ್ತು. ಮರುದಿನ ಮಾಡಿದೆ, ಎತ್ತಲಿಲ್ಲ. ದೂರವಲ್ಲವೇ, ಬೇಸರವಾಗಿರಬೇಕು ಎಂದು ನಾನೇ ತೀರ್ಮಾನಿಸಿ ಸುಮ್ಮನಾದೆ.

ಕೊನೆಯ ಶುಕ್ರವಾರಕ್ಕೆ ಒಮ್ಮೆ ಬಂದವರನ್ನೂ ಕರೆಯಬೇಕೆಂಬುದು ನಿಯಮ. ಹಾಗಾಗಿ ಅವಳಿಗೆ ಮತ್ತೆ ಫೋನ್ ಮಾಡಿದೆ. ಈ ಸಲ ಎತ್ತಿದಳು.

"ಖರೇನೇ ಬರಬೇಕೇನ್ರಿ ಅಕ್ಕಾರ?"

"ಬರದೆ ಎಂತ? ನೀವು ಬಂದು ನನಗೆ ಬೈಯಬೇಕು ಮಾರಾಯ್ತಿ."

"ಹಂಗಿದ್ರ ಬರ್ತೇನ್ರಿ" ಅಂದಳು. ನಗುತ್ತಾಳೆ ಅಂದುಕೊಂಡಿದ್ದೆ, ನಗಲಿಲ್ಲ.

ಆ ದಿನ ಮಂಗಳಾರತಿ ಮುಗಿದ ಮೇಲೆ ದೊಡ್ಡಕ್ಕ ನನ್ನ ಬಾಯಿಗೆ ಕಲ್ಲುಸಕ್ಕರೆ ಹಾಕಿದರು. ಮೊದಲು ಹಾರ್ಮೋನಿಯಂ ನುಡಿಸುವವಳು ಎದ್ದಳು. "ಸರಿ ಅಂದ್ರೆ ಟೈಮಿಗೆ ಶುರು ಮಾಡಿದ್ದು. ತಪ್ಪು ಅಂದ್ರೆ ಪ್ರಸಾದಕ್ಕೆ ಯಾವಾಗಲೂ ಅವಲಕ್ಕಿ. ಎರಡು ವರ್ಷ ಅವಲಕ್ಕಿ ತಿಂದು ನಾನೇ ಅವಲಕ್ಕಿ ಆಗಿದ್ದೇನೆ." ಎಲ್ಲರೂ ನಕ್ಕರು. ಇನ್ನೊಬ್ಬಳಿಗೆ ಫೋನಿನ ಬುಟ್ಟಿ ಇಷ್ಟ. "ಆ ಒಂದೂವರೆ ಗಂಟೆ ನನ್ನ ಗಂಡನಿಂದ ನನ್ನನ್ನು ಹುಡುಕಲಿಕ್ಕೆ ಆಗುವುದಿಲ್ಲ, ಪುಣ್ಯ ಬರ್ತದೆ ನಿಮಗೆ" ಅಂದಳು. ಮತ್ತೊಬ್ಬಳು, ನಾನು ಹಾಡುವಾಗ ಶ್ರುತಿ ಬಿಡುತ್ತೇನೆ, ಅಧ್ಯಕ್ಷೆ ಎಂಬ ಕಾರಣಕ್ಕೆ ಯಾರೂ ಅದನ್ನು ಹೇಳುತ್ತಿಲ್ಲ ಎಂದಳು. ನಾನು ಸಕ್ಕರೆ ಚೀಪುತ್ತ ತಲೆಯಾಡಿಸಿದೆ.

ಕೊನೆಗೆ ವಫ್ರಾದವಳು. ಬಾಗಿಲ ಹತ್ತಿರ ಸೆರಗು ಬಿಗಿಯಾಗಿ ಹೊದ್ದು ಕೂತಿದ್ದಳು.

"ಸರಿ ಅಂದ್ರ, ಮೊದಲನೇ ದಿನ ಅಕ್ಕಾರು ನನಗ ತಮ್ಮ ಬಾಜೂಕ ಕುಂಡ್ರಿಸಿಕೊಂಡ್ರು. ನನಗ ತುಳು ತಿಳಿಯೂದಿಲ್ಲಂತ, ಎಲ್ಲಾರೂ ಕನ್ನಡದಾಗ ಮಾತಾಡ್ರಿ ಅಂತ ಹೇಳಿದ್ರು. ಅದು ಭಾಳ ದೊಡ್ಡದ್ರಿ ನನಗ."

ನಾನು ಅದನ್ನು ಮರೆತೇಬಿಟ್ಟಿದ್ದೆ. ನನ್ನ ಲೆಕ್ಕದಲ್ಲಿ ಅದೊಂದು ನಿರ್ಧಾರವೇ ಆಗಿರಲಿಲ್ಲ.

"ತಪ್ಪು... ಹೇಳ್ಲೇನ್ರಿ?"

"ಹೇಳಿ ಮಗಾ, ಅದಕ್ಕೇ ಅವಳ ಬಾಯಿ ಕಟ್ಟಿದ್ದು" ಅಂದರು ದೊಡ್ಡಕ್ಕ.

"ಆವತ್ತ ಪಿಕಪ್ಪಿನ ಟಾಯರ್ ಪಂಕ್ಚರ್ ಆಗಿ ಇಪ್ಪತ್ತು ನಿಮಿಷ ತಡಾ ಆತ್ರಿ. ನಮ್ಮನಿಯವರು ನನ್ನ ಇಳಿಸಿ ಮಾರ್ಕೆಟ್ಟಿಗೆ ಹೋದ್ರು. ಮ್ಯಾಲೆ ಬಂದು ನೋಡಿದ್ರ ಬಾಗಿಲ ಮುಂದ ಒಂದೂ ಚಪ್ಪಲಿ ಇಲ್ಲ. ಒಂದು ಸಪ್ಪಳಿಲ್ಲ. ಗಂಟಿ ಒತ್ತಿದೆ, ಅದು ಬಡೀಲಿಲ್ಲ. ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಅದರ ಹಿಂದಿನ ವಾರ ನಾ ಬಂದಿರಲಿಲ್ರಿ, ಹೊಸಾ ನೇಮ ಆವಾಗ ನನಗ ಗೊತ್ತಿರಲಿಲ್ಲ. ಭಜನಿ ಇರೂ ಮನಿ ಮುಂದ ಚಪ್ಪಲಿ ಇರೂದಿಲ್ಲೇನ್ರಿ? ಇವತ್ತ ಬ್ಯಾರೆ ಕಡೆ ಇಟ್ಟಾರು, ನನಗ ಹೇಳೂದು ಮರೆತಾರು ಅಂತ ತಿಳಕೊಂಡೆ. ಗಾಡಿ ತಿರುಗಿ ಬರೂತನಕ ಕೆಳಗ ಮೆಟ್ಟಲ ಮ್ಯಾಲೆ ಕುಂತೆ. ಮನಿಗೆ ಹೋಗಿ ಫೋನ್ ಚಾರ್ಜಿಗೆ ಹಾಕಿ ನೋಡಿದ್ರ ಗ್ರೂಪಿನಾಗ ಫೋಟೋ. ಇದೇ ಮನಿ, ಎಲ್ಲಾರೂ ಇದ್ರಿ. ಒಳಗಿದ್ದೂ ಬಾಗಿಲಾ ತೆಗೀಲಿಲ್ಲಲ್ಲ ಅಂತ ಅನಿಸ್ತು."

ಹಾಗೇ ಮುಂದುವರಿಸಿದಳು. "ತ್ವಾಟದಾಗ ಹೆಣಮಗಳು ಅಂದ್ರ ನಾ ಒಬ್ಬಾಕಿನೇರಿ. ಕೆಲಸದವರ ಜೋಡಿ ಹಿಂದಿ. ನಮ್ಮನಿಯವರು ಹೊತ್ತು ಮುಳುಗಿದ ಮ್ಯಾಲೆ ದಣದು ಬಂದು ಉಂಡು ಮಲಗತಾರ. ವಾರಕ್ಕೊಮ್ಮೆ ಇಲ್ಲೇ ನಾ ಬಾಯಿ ತುಂಬ ಮಾತಾಡ್ತಿದ್ದೆ. ಅದೂ ಹೋತು."

ನಾನು ಕಲ್ಲುಸಕ್ಕರೆಯನ್ನು ಕಟಕ್ಕನೆ ಕಡಿದು ನುಂಗಿದೆ. ಆ ಸದ್ದಿಗೆ ದೊಡ್ಡಕ್ಕ ನನ್ನ ಕಡೆ ಕಣ್ಣು ಬಿಟ್ಟರು, ಪದ್ಧತಿ ಮುರಿದದ್ದಕ್ಕೆ. ಏನು ಬೇಕಾದರೂ ಅನ್ನಲಿ. ಎದ್ದು ಹೋಗಿ ಅವಳ ಎದುರು ಕೂತೆ.

"ನೀವು ಅಲ್ಲಿದ್ದದ್ದು ನನಗೆ ಗೊತ್ತೇ ಇರಲಿಲ್ಲ. ದೇವರ ಮುಂದೆ ಹೇಳ್ತೇನೆ" ಅಂದೆ. "ಆದರೆ ಭಜನೆ ಮುಗಿದು ಬುಟ್ಟಿಯಿಂದ ಫೋನ್ ತೆಗೆದಾಗ ನಿಮ್ಮ ಮೂರು ಕಾಲ್ ನೋಡಿದ್ದೆ. ತಿರುಗಿ ಎರಡು ಸಲ ಮಾಡಿ ಬಿಟ್ಟುಬಿಟ್ಟೆ. ಅದು ಗೊತ್ತಿದ್ದೂ ಮಾಡಿದ ತಪ್ಪು. ಅದಕ್ಕೆ ಕ್ಷಮಿಸಬೇಕು."

"ನಾನೂ ಸಿಟ್ಟಿಗೆ ಎತ್ತಲಿಲ್ರಿ ಅಕ್ಕಾರ" ಅಂದಳು. ಕಣ್ಣು ಒರೆಸಿಕೊಂಡು, "ಎತ್ತಿದ್ರ ಬೈದುಬಿಡ್ತಿದ್ದೆ" ಎಂದಳು.

"ಬೈದಿದ್ರೆ ಏಳು ತಿಂಗಳು ಉಳಿತಿತ್ತಲ್ಲ!" ಎಂದು ಹಾರ್ಮೋನಿಯಂನವಳು ಅಂದಾಗ ಅವಳಿಗೂ ನಗು ಬಂತು.

ನಾನು ಮಾಡಿದ ಒಂದೊಂದು ನಿಯಮವೂ ಸರಿಯೇ ಇತ್ತು. ಇಂದಿಗೂ ಹಾಗೇ ಅನ್ನುತ್ತೇನೆ. ಎಲ್ಲ ಸರಿಗಳೂ ಸೇರಿ ಒಬ್ಬಳನ್ನು ಮೆಟ್ಟಿಲ ಮೇಲೆ ಕೂರಿಸಿದವು, ಅದು ಮಾತ್ರ ಒಳಗೆ ಕೂತು ಹಾಡುತ್ತಿದ್ದ ನನಗೆ ಕಾಣಲಿಲ್ಲ. ನಿಯಮ ಮಾಡುವಾಗ ನಾನು ಪಕ್ಕದ ಮನೆಯವರನ್ನು ನೆನೆದೆ, ಕಾವಲುಗಾರನನ್ನು ನೆನೆದೆ, ತಡವಾಗಿ ಬರುವವಳನ್ನು ನೆನೆಯಲಿಲ್ಲ. ದೊಡ್ಡ ಕುರ್ಚಿಯಲ್ಲಿ ಕೂತವರಿಗೂ ಹೀಗೇ ಆಗುತ್ತದೆಯೋ ಏನೋ. ಅವರ ತಪ್ಪನ್ನು ಎದುರಿಗೆ ಹೇಳಲು ವಫ್ರಾದಿಂದ ಯಾರು ಬರುತ್ತಾರೆ? ನನಗೆ ಒಬ್ಬಳನ್ನು ಕಳಿಸಿಕೊಟ್ಟನಲ್ಲ ದೇವರು, ಅದನ್ನು ನೆನೆದು ಆ ದಿನ ಮನೆದೇವರಿಗೆ ಇನ್ನೊಂದು ಬತ್ತಿ ಹಚ್ಚಿದೆ.

ಹೊಸ ಅಧ್ಯಕ್ಷೆ ಅಲ್ಲೇ ತನ್ನ ಮೊದಲ ನಿರ್ಧಾರ ಹೇಳಿದಳು. ಮೊದಲ ಅರ್ಧ ಗಂಟೆ ಸರದಿಯ ಮೇಲೆ ಒಬ್ಬರು ಬಾಗಿಲ ಬಳಿ ಕೂರಬೇಕು, ಕೈಯಲ್ಲಿ ಫೋನ್ ಇರಬೇಕು. ಉಳಿದದ್ದೆಲ್ಲ ಇದ್ದ ಹಾಗೇ. ಅವಲಕ್ಕಿ ಮಾತ್ರ ಬಂದ್.

"ಮುಂದಿನ ವಾರ ಬರ್ತೀರಲ್ಲ?" ಎಂದು ವಫ್ರಾದವಳನ್ನು ಕೇಳಿದೆ.

"ಗಾಡಿ ಸಿಕ್ಕರ ಬರ್ತೇನ್ರಿ."

ಅದು ನನಗೆ ಸಾಲಲಿಲ್ಲ. ನಾವೇ ಹೋಗಿ ಅವಳನ್ನು ಕರೆತರೋಣ ಎಂದು ಮನೆಯವರಿಗೆ ಹೇಳಿದೆ. "ಅಧ್ಯಕ್ಷಗಿರಿ ಮುಗಿದ ಮೇಲೆ ಕೆಲಸ ಜಾಸ್ತಿ ಆಯ್ತಲ್ಲ ನಿನಗೆ" ಎಂದು ಗೊಣಗಿದರೂ, ಶುಕ್ರವಾರ ಊಟವಾಗಿ ಒಂದು ನಿದ್ದೆ ತೆಗೆದು ಕಾರು ಹೊರಡಿಸಿದರು. ವಫ್ರಾದ ದಾರಿಯಲ್ಲಿ ಮರಳು ಹಿಂದೆ ಸರಿದು ಗ್ರೀನ್‌ಹೌಸುಗಳ ಬಿಳಿ ಸಾಲು ಶುರುವಾಗುವಲ್ಲಿ, ತೋಟದ ಗೇಟಿನ ಹೊರಗೇ ಅವಳು ಬಿಸಿಲಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

ಕಾರು ಹತ್ತಿದವಳು ಮಾತು ಶುರು ಮಾಡಿದಳು. ತಂಗಿಯ ಹೆರಿಗೆ, ತೋಟದ ಬೆಕ್ಕು, ಜೋಳದ ಹಿಟ್ಟು ಸಿಗದೆ ಗೋಧಿ ಹಿಟ್ಟಿನಲ್ಲಿ ರೊಟ್ಟಿ ಬಡಿಯಲು ಹೋಗಿ ಕೆಟ್ಟದ್ದು, ಏಳೆಂಟು ತಿಂಗಳ ಎಲ್ಲವೂ. ಮನೆಯವರು ರೇಡಿಯೋದ ವಾರ್ತೆ ತಾವಾಗಿಯೇ ಆರಿಸಿದರು. ನಾನು ಹೂಂ ಅನ್ನುವುದಕ್ಕೂ ಜಾಗ ಸಿಗಲಿಲ್ಲ. ಫಹಾಹೀಲಿನಲ್ಲಿ ಇಳಿಯುವಾಗ, "ಅಯ್ಯ, ಬಾಯಿ ಒಣಗೇಬಿಡ್ತಲ್ರಿ ಅಕ್ಕಾರ, ಇನ್ನ ಹಾಡೂದು ಹೆಂಗ?" ಅಂದಳು.

"ಹಾಡು ನಾವು ಹೇಳ್ತೇವೆ, ನೀವು ನೀರು ಕುಡೀರಿ" ಅಂದೆ.