ಬಂಡೆಯ ಸೀಳಿನಿಂದ ಬಂದ ನೀರು

ಗಂಡ ತೀರಿಕೊಂಡ ಮೇಲೂ ಅವಳು ಹಳ್ಳಿಯ ತಮ್ಮ ಆರು ಕೋಣೆಗಳ ಹೋಟೆಲನ್ನು ಹದಿನೆಂಟು ವರ್ಷ ಒಬ್ಬಳೇ ನಡೆಸಿದಳು. ಸ್ನಾನದ ನೀರು ಜಲ್ಲಿ, ಮರಳು, ಜೊಂಡಿನ ಗುಂಡಿಗಳಲ್ಲಿ ಸೋಸಿಕೊಂಡು ತರಕಾರಿ ಮಡಿಗೆ ಹೋಗುತ್ತಿತ್ತು. ಹೊದಿಕೆಗಳಿಗೆ ಬ್ಲೀಚ್ ಹಾಕುತ್ತಿರಲಿಲ್ಲ. "ಸ್ವಲ್ಪ ಹಳದಿಯಾದ್ರೆ ಯಾರ ನಿದ್ದೆ ಕೆಡುತ್ತೆ?" ಎಂದು ನಗುತ್ತಿದ್ದಳು.

ಅವಳ ತಮ್ಮ ಹೋಟೆಲಿನ ಹಿಂದಿನ ಗುಡ್ಡದ ಮೇಲೆ ನಲವತ್ತು ಕೋಣೆಗಳ ಲಾಡ್ಜ್ ಕಟ್ಟಿಸಿದ. ಮರುವರ್ಷ ಅವಳ ಹೋಟೆಲಿನಲ್ಲಿ ತಂಗಿದ್ದ ಮಗುವೊಂದು ವಾಂತಿಭೇದಿಯಾಗಿ ಆಸ್ಪತ್ರೆ ಸೇರಿತು. ಪರೀಕ್ಷೆ ಮಾಡಿಸಿದರೆ ಅವಳ ಬಾವಿಯಲ್ಲಿ ಕಕ್ಕಸಿನ ನೀರು ಬೆರೆತಿತ್ತು. ತಮ್ಮನ ಲಾಡ್ಜಿನ ಕಕ್ಕಸು ಗುಂಡಿ ತುಂಬಿ, ಕೊಳಕು ನೀರು ಬಂಡೆಯ ಸೀಳಿನಲ್ಲಿ ಕೆಳಗಿಳಿಯುತ್ತಿತ್ತು.

"ಗುಂಡಿ ಸರಿ ಮಾಡಿಸೋ, ಕೈ ಮುಗೀತೀನಿ."

"ಸೀಸನ್ ಮುಗೀಲಿ ಅಕ್ಕಾ. ಈಗ ಅಗೆದ್ರೆ ವಾಸನೆಗೆ ಗಿರಾಕಿಗಳು ಓಡ್ತಾರೆ. ಅಲ್ಲೀತನಕ ನೀರು ಕಾಯಿಸಿ ಕೊಡು."

ಆಸ್ಪತ್ರೆಯಲ್ಲಿ ಮಗುವಿನ ತಾಯಿ, "ನಿಮ್ಮಲ್ಲಿ ಎಲ್ಲಾ ಶುದ್ಧ ಅಂತಾನೇ ಬಂದ್ವಿ" ಎಂದಳು. ತಮ್ಮನ ಹೆಸರು ನಾಲಿಗೆಯ ತುದಿಗೆ ಬಂದರೂ ನುಂಗಿಕೊಂಡು, "ತಪ್ಪು ನನ್ನದೇ" ಎಂದು ತಲೆ ತಗ್ಗಿಸಿದಳು.

ಮಗು ಚೇತರಿಸಿಕೊಂಡಿತು. ಆದರೂ ಆ ಸುಳ್ಳು ಅವಳನ್ನು ಒಳಗೊಳಗೇ ತಿನ್ನತೊಡಗಿತು. ಮೂರನೆಯ ದಿನ ಪಂಚಾಯಿತಿ ಕಚೇರಿಗೆ ಹೋಗಿ, ತಮ್ಮನ ಹೆಸರು ಹಾಕಿ ದೂರು ಕೊಟ್ಟಳು.

ತಮ್ಮ ಗುಂಡಿ ಸರಿಪಡಿಸಿದ. ಅಕ್ಕನ ಅಂಗಳಕ್ಕೆ ಮಾತ್ರ ಮತ್ತೆ ಕಾಲಿಡಲಿಲ್ಲ. ಬಂಡೆಯ ಸೀಳಿನಲ್ಲಿ ಉಳಿದಿದ್ದ ಕೊಳೆ ಇಳಿಯುತ್ತಲೇ ಇತ್ತು; ಮೂರು ಸಲ ಬರಿದು ಮಾಡಿಸಿದರೂ ಬಾವಿಯ ನೀರು ಶುದ್ಧವಾಗಲಿಲ್ಲ. ಅವಳು ಹಾಸಿಗೆಗಳನ್ನು ಒಂದೊಂದಾಗಿ ಸುತ್ತಿಟ್ಟು, ಆರೂ ಕೋಣೆಗಳಿಗೆ ಬೀಗ ಹಾಕಿದಳು.