ಕಾಳ್ಯಾನ ಬಾಲದ ಗಾಯ

ನಮ್ಮ ನಾಯಿ ಕಾಳ್ಯಾನ ಬಾಲದ ಗಾಯ ಏನು ಮಾಡಿದರೂ ಮಾಯುತ್ತಿರಲಿಲ್ಲ. ದಿನಾ ಸಂಜೆ ನಮ್ಮಲ್ಲಿಗೆ ಚಾಕ್ಕೆ ಬರುವ ಮಗ್ಗಲ ಮನೆಯ ಶರಣಪ್ಪನ ಬೈಕಿನ ಹಿಂದೆ ಕೂತು ಗೊರೇಬಾಳದಿಂದ ಸಿಂಧನೂರಿನ ದನದ ದವಾಖಾನೆಗೆ ಒಯ್ದೆ.

“ಖುಷಿಯಾದಾಗ ಬಾಲ ಗ್ವಾಡಿಗೆ ಬಡ್ಕೊಳ್ಳಾಕತ್ತೈತಿ. ಯಾರನ್ನ ಕಂಡ್ರ ಇಷ್ಟು ಖುಷಿ?” ಎಂದರು ಡಾಕ್ಟರು.

“ಮತ್ತ್ಯಾರ್ರೀ, ನನ್ನ ಕಂಡ್ರ,” ಎಂದೆ. ರೊಟ್ಟಿ ಹಾಕುವವನು ನಾನು.

ಅಷ್ಟರಲ್ಲಿ ಶರಣಪ್ಪ ಬೈಕ್ ನಿಲ್ಲಿಸಿ ಒಳಗೆ ಬಂದ. ಬಾಲ ಮೇಜಿಗೆ ಫಟಫಟ ಬಡಿದು ಡಾಕ್ಟರ ಅಂಗಿಗೆ ರಕ್ತ ಸಿಡಿಯಿತು.

“ಮಾಯೋತನಕ ಇವರು ನಾಯಿ ಕಣ್ಣಿಗೆ ಬೀಳಬಾರದು,” ಎಂದರು ಡಾಕ್ಟರು.

“ಮತ್ತ ನಾನ್ರೀ?” ಆಸೆಯಿಂದ ಕೇಳಿದೆ.

“ನೀವು ಆರಾಮ ಅಡ್ಡಾಡ್ರಿ. ನಿಮ್ಮಿಂದ ಬಾಲಕ್ಕ ಏನೂ ಆಗಂಗಿಲ್ಲ.”

ಶರಣಪ್ಪ ಬರುವುದು ಬಿಟ್ಟ. ನಾನೊಬ್ಬನೇ ಪಟ್ಟಿ ಕಟ್ಟಿದೆ. ಗಾಯ ಬೇಗ ಮಾಯಿತು. ಅಷ್ಟು ಬೇಗ ಮಾಯಬಾರದಿತ್ತು.